ನಾಲ್ವರು ನಿಂತು ಆಡಿದ ಆಟ

1985ರಲ್ಲಿ ಅಮೆರಿಕದ ಅಟಾರಿ ಗೇಮ್ಸ್ ಕಂಪನಿ ‘ಗಾಂಟ್ಲೆಟ್’ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಆಳೆತ್ತರದ ಪೆಟ್ಟಿಗೆ, ಒಂದೇ ಪರದೆ, ಅದರ ಮುಂದೆ ನಾಲ್ಕು ಹಿಡಿಕೆಗಳು. ಕೆಂಪು ಹಿಡಿದರೆ ಯೋಧ, ನೀಲಿ ಹಿಡಿದರೆ ವಾಲ್ಕಿರಿ ಎಂಬ ವೀರವನಿತೆ, ಹಳದಿಗೆ ಮಂತ್ರವಾದಿ, ಹಸಿರಿಗೆ ಎಲ್ಫ್ ಎಂಬ ಬಿಲ್ಲುಗಾರ. ನಾಲ್ವರೂ ಡಂಜನ್‌ಗೆ, ಅಂದರೆ ನೆಲದಡಿಯ ಕೋಣೆಗಳ ಜಾಲಕ್ಕೆ ಇಳಿದು, ದೆವ್ವಗಳನ್ನು ಬಡಿಯುತ್ತ ಹೊರದಾರಿ ಹುಡುಕಬೇಕು. ಯಾರೂ ಹೊಡೆಯದಿದ್ದರೂ ಪ್ರತಿಯೊಬ್ಬರ ಆಯಸ್ಸು ತಾನಾಗಿ ಕರಗುತ್ತಿರುತ್ತದೆ. ತುಂಬಿಕೊಳ್ಳಲು ಇರುವುದು ಎರಡೇ ಮಾರ್ಗ: ದಾರಿಯಲ್ಲಿ ಸಿಗುವ ಊಟ, ಇಲ್ಲವೇ ಜೇಬಿನಲ್ಲಿರುವ ನಾಣ್ಯ. ಯಾರ ಆಯಸ್ಸು ಮುಗಿಯುತ್ತ ಬಂದಿದೆಯೋ ಅವರಿಗೆ ಊಟ ಬೇಕಾಗಿದೆ ಎಂದು ಯಂತ್ರವೇ ಬಾಯಿಬಿಟ್ಟು ಹೇಳುತ್ತಿತ್ತು.

ಈ ಆಟದ ಬೇರು ಯಂತ್ರದಲ್ಲಿಲ್ಲ, ಕಾಗದದಲ್ಲಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟಿಸಿದರು. ಮೇಜಿನ ಸುತ್ತ ಗೆಳೆಯರು ಕೂತು, ಒಬ್ಬ ಕತೆ ನಡೆಸುತ್ತ, ಉಳಿದವರು ಪಾತ್ರಗಳಾಗಿ ದಾಳ ಉರುಳಿಸುತ್ತ ಆಡುವ ಆಟ ಅದು. ಅಲ್ಲಿ ಆಟಗಾರರು ಪರಸ್ಪರರನ್ನು ಸೋಲಿಸುವುದಿಲ್ಲ. ಗೆದ್ದರೂ ಸತ್ತರೂ ತಂಡವಾಗಿಯೇ. ಇದೇ ಕಲ್ಪನೆಯನ್ನು ಜಾನ್ ಪಾಲೆವಿಚ್ ಎಂಬ ವಿದ್ಯಾರ್ಥಿ ಕಂಪ್ಯೂಟರಿಗೆ ತಂದು ‘ಡ್ಯಾಂಡಿ’ ಎಂಬ ಆಟ ಮಾಡಿದ. 1983ರ ಆ ಆಟದ ನೆರಳು ‘ಗಾಂಟ್ಲೆಟ್’ ರೂಪಿಸಿದ ಎಡ್ ಲಾಗ್ ಮೇಲೆ ಬಿತ್ತು.

ಇಲ್ಲಿ ಚರಿತ್ರೆಯ ವಿದ್ಯಾರ್ಥಿಯಾಗಿ ನನ್ನನ್ನು ಹಿಡಿದು ನಿಲ್ಲಿಸುವುದು ನಾಣ್ಯ. ಒಂದು ಯಂತ್ರ ಹಿಡಿಯುವ ಜಾಗ ಅಷ್ಟೇ; ಅದರ ಮುಂದೆ ಒಬ್ಬನ ಬದಲು ನಾಲ್ವರು ನಿಂತರೆ ಅಂಗಡಿಯವನಿಗೆ ನಾಲ್ಕು ಪಟ್ಟು ಸಂಪಾದನೆ. ಕರಗುವ ಆಯಸ್ಸೂ ಅದೇ ಲೆಕ್ಕಾಚಾರದ್ದು: ಎಷ್ಟೇ ಚೆನ್ನಾಗಿ ಆಡಿದರೂ ಪುಕ್ಕಟೆಯಾಗಿ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಹಾಗೆ ನೋಡಿದರೆ ಇದು ಶುದ್ಧ ವ್ಯಾಪಾರ. ಆದರೆ ಆ ವ್ಯಾಪಾರದ ಅಡ್ಡಪರಿಣಾಮವಾಗಿ, ಹೆಸರೂ ಗೊತ್ತಿಲ್ಲದ ನಾಲ್ವರು ಭುಜಕ್ಕೆ ಭುಜ ತಾಗಿಸಿ ನಿಂತು, ಸಿಕ್ಕ ಒಂದು ಊಟ ಯಾರಿಗೆ ಎಂದು ತೀರ್ಮಾನಿಸಬೇಕಾಯಿತು. ಅವಸರದಲ್ಲಿ ಬಿಟ್ಟ ಬಾಣ ತಗುಲಿದರೆ ಆ ಊಟವೇ ಹಾಳಾಗುತ್ತಿತ್ತು. ಹಂಚಿಕೊಳ್ಳುವುದು, ಕಾಯುವುದು, ಬೈಯುವುದು, ಕ್ಷಮಿಸುವುದು ಎಲ್ಲವೂ ಪರದೆಯ ಹೊರಗೆ ನಡೆಯುತ್ತಿದ್ದವು. ಅದನ್ನು ಯಾರೂ ವಿನ್ಯಾಸ ಮಾಡಿರಲಿಲ್ಲ.

ಮುಂದಿನ ಅಧ್ಯಾಯ ಜಪಾನಿನದು. 1987ರ ‘ಡಬಲ್ ಡ್ರ್ಯಾಗನ್’ ಇಬ್ಬರು ಜೊತೆಯಾಗಿ ಬೀದಿ ರೌಡಿಗಳನ್ನು ಹೊಡೆಯುತ್ತ ಸಾಗುವ ಮಾದರಿಯನ್ನು ಜನಪ್ರಿಯಗೊಳಿಸಿತು. ಬೀಟ್ ಎಮ್ ಅಪ್ ಎಂದು ಹೆಸರಾದ ಈ ಬಗೆಯನ್ನು 1989ರಲ್ಲಿ ಕ್ಯಾಪ್‌ಕಾಮ್‌ನ ‘ಫೈನಲ್ ಫೈಟ್’ ಗಟ್ಟಿಗೊಳಿಸಿತು. ಅದೇ ವರ್ಷ ಸೆಗಾದ ‘ಗೋಲ್ಡನ್ ಆಕ್ಸ್’ ಅದಕ್ಕೆ ಕತ್ತಿ, ಕೊಡಲಿ, ಮಂತ್ರಗಳ ವೇಷ ತೊಡಿಸಿತು. ನಮ್ಮ ಓದುಗರಲ್ಲಿ ಅನೇಕರಿಗೆ ಈ ಬಗೆಯ ಪರಿಚಯ ಆದದ್ದು ‘ಮುಸ್ತಾಫಾ’ ಮೂಲಕ. 1993ರಲ್ಲಿ ಕ್ಯಾಪ್‌ಕಾಮ್ ತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಆಟ ಭಾರತದಲ್ಲಿ ಅದರೊಳಗಿನ ಒಬ್ಬ ನಾಯಕನ ಹೆಸರಿನಿಂದಲೇ ಮನೆಮಾತಾಯಿತು.

ಅದೇ ಕಾಲಕ್ಕೆ ಕ್ಯಾಪ್‌ಕಾಮ್ ಅಧಿಕೃತ ಪರವಾನಗಿ ಪಡೆದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಟವರ್ ಆಫ್ ಡೂಮ್’ ತಂದಿತು. ಯೋಧ, ಎಲ್ಫ್, ಕುಳ್ಳ ಡ್ವಾರ್ಫ್ ಮತ್ತು ಗಾಯ ಮಾಯಿಸಬಲ್ಲ ಪುರೋಹಿತ ಎಂಬ ನಾಲ್ಕು ಪಾತ್ರಗಳು. ಬರೀ ಮುಷ್ಟಿ ಬೀಸಿದರೆ ಇಲ್ಲಿ ಸಾಲದು. ಕವಲುದಾರಿ ಬಂದಾಗ ಎತ್ತ ಹೋಗಬೇಕೆಂದು ಆಟಗಾರರೇ ಆರಿಸಬೇಕು. ಅಂಗಡಿಯಲ್ಲಿ ಬಾಣ, ಎಣ್ಣೆ ಕೊಳ್ಳಬೇಕು. ಟ್ರೋಲ್ ಎಂಬ ರಾಕ್ಷಸ ಬಿದ್ದರೂ ಮತ್ತೆ ಏಳುತ್ತಾನೆ, ಬೆಂಕಿಯಿಂದ ಸುಟ್ಟರಷ್ಟೇ ಸಾಯುತ್ತಾನೆ. ಮುಂದಾಲೋಚನೆಯಿಂದ ಎಣ್ಣೆ ಉಳಿಸಿಕೊಂಡ ಒಬ್ಬನಾದರೂ ತಂಡದಲ್ಲಿರಬೇಕು. 1996ರಲ್ಲಿ ಬಂದ ‘ಶ್ಯಾಡೋ ಓವರ್ ಮಿಸ್ಟಾರಾ’ ಇದಕ್ಕೆ ಕಳ್ಳಿ ಮತ್ತು ಮಂತ್ರವಾದಿಯನ್ನು ಸೇರಿಸಿತು. ಮೇಜಿನ ಸುತ್ತಲಿನ ಚರ್ಚೆ ಯಂತ್ರದ ಮುಂದೆ ಮರಳಿ ಹುಟ್ಟಿದ್ದು ಇಲ್ಲಿ ಎಂದು ನನಗನ್ನಿಸುತ್ತದೆ.

ಆದರೆ ಅಷ್ಟರಲ್ಲಿ ಕಾಲ ಬದಲಾಗಿತ್ತು. 1991ರ ‘ಸ್ಟ್ರೀಟ್ ಫೈಟರ್ 2’ ಬಂದ ಮೇಲೆ ಇಬ್ಬರು ಎದುರಾಳಿಗಳ ಚುಟುಕು ಕಾಳಗವೇ ಅಂಗಡಿಗಳಿಗೆ ಲಾಭದ್ದಾಯಿತು: ಸೋತವನು ಜಾಗ ಬಿಡುತ್ತಾನೆ, ಮುಂದಿನವನು ನಾಣ್ಯ ಹಾಕುತ್ತಾನೆ. 1994ರಲ್ಲಿ ಪ್ಲೇಸ್ಟೇಷನ್ ಬಂದಿತು, ಜನ ಮನೆಯಲ್ಲೇ ಕೂತರು. ಸಹವಾಸವನ್ನು ಹುಟ್ಟಿಸಿದ ನಾಣ್ಯವೇ ಅದನ್ನು ಕೈಬಿಟ್ಟಿತು.

ಯಂತ್ರಗಳ ಗತಿಯನ್ನು ಕೇಳಿದರೆ ಇನ್ನೂ ಬೇಸರವಾಗುತ್ತದೆ. ಕ್ಯಾಪ್‌ಕಾಮ್‌ನ ಈ ಎರಡು ಆಟಗಳು ಸಿಪಿಎಸ್-2 ಎಂಬ ಹಲಗೆಯ ಮೇಲೆ ಓಡುತ್ತಿದ್ದವು. ಕಳ್ಳ ಪ್ರತಿಗಳನ್ನು ತಡೆಯಲು ಆಟವನ್ನು ಗೂಢಲಿಪಿಯಲ್ಲಿಟ್ಟು, ಅದರ ಕೀಲಿಯನ್ನು ಸಣ್ಣ ಬ್ಯಾಟರಿಯೊಂದರ ಬಲದಿಂದ ಬದುಕುವ ಸ್ಮೃತಿಯಲ್ಲಿ ಇಟ್ಟಿದ್ದರು. ಬ್ಯಾಟರಿ ಸತ್ತ ದಿನ ಕೀಲಿ ಅಳಿಸಿಹೋಗುತ್ತದೆ, ಹಲಗೆ ಜಡವಾಗುತ್ತದೆ. ನಮ್ಮ ಓಲೆಗರಿಗಳು ಹುಳು ತಿಂದು ಹಾಳಾಗುತ್ತಿದ್ದರೂ ಕಾವ್ಯಗಳು ಉಳಿದದ್ದು ಲಿಪಿಕಾರರು ಪ್ರತಿ ಮಾಡುತ್ತ ಬಂದದ್ದರಿಂದ. ಇಲ್ಲಿ ಪ್ರತಿ ಮಾಡುವುದನ್ನೇ ನಿಷೇಧಿಸಿ, ಮೂಲಕ್ಕೂ ಸಾವಿನ ಗಡುವು ಕಟ್ಟಲಾಗಿತ್ತು. 2007ರಲ್ಲಿ ಹವ್ಯಾಸಿಗಳು ಆ ಗೂಢಲಿಪಿಯನ್ನು ಪೂರ್ತಿ ಬಿಡಿಸಿದರು. ಕಾನೂನಿನ ಕಣ್ಣಿನಲ್ಲಿ ಅವರು ಏನೇ ಆಗಿರಲಿ, ಚರಿತ್ರೆಯ ಕಣ್ಣಿನಲ್ಲಿ ಅವರು ಲಿಪಿಕಾರರು.

ಇನ್ನೊಂದು ಬಗೆಯ ಪ್ರತಿಯೂ ಇದೆ, ಅದು ನೆನಪಿನಿಂದ ಮಾಡಿದ್ದು. ‘ಟವರ್ ಆಫ್ ಡೂಮ್’ ತಯಾರಿಸಿದ ತಂಡದಲ್ಲಿದ್ದ ಜಾರ್ಜ್ ಕಮಿತಾನಿ ಮುಂದೆ ವೆನಿಲ್ಲಾವೇರ್ ಎಂಬ ಸಂಸ್ಥೆ ಕಟ್ಟಿದರು. ಅಂಥದೇ ಆಟವನ್ನು ಮತ್ತೆ ಮಾಡುವ ಆಸೆಯನ್ನು ಅವರು ವರ್ಷಗಟ್ಟಲೆ ಹೊತ್ತು ತಿರುಗಿದರು. 2011ರಲ್ಲಿ ‘ಡ್ರ್ಯಾಗನ್ಸ್ ಕ್ರೌನ್’ ಘೋಷಣೆಯಾದಾಗ ಅದನ್ನು ಪ್ರಕಟಿಸಲು ಮುಂದೆ ಬಂದಿದ್ದದ್ದು ನಮ್ಮ ಮುಂಬೈನ ಯುಟಿವಿ ಒಡೆತನದ ಇಗ್ನಿಷನ್. ಕೊನೆಗೆ ಆಟ ಅಟ್ಲಸ್ ಕಂಪನಿಯ ಕೈಸೇರಿ, 2013ರ ಜುಲೈ 25ರಂದು ಜಪಾನಿನಲ್ಲಿ ಬಿಡುಗಡೆಯಾಯಿತು.

ಆರು ಪಾತ್ರಗಳು, ಒಂಬತ್ತು ಡಂಜನ್‌ಗಳು, ಕೈಯಲ್ಲಿ ಬರೆದಂಥ ಚಿತ್ರಗಳು. ನಾಣ್ಯದ ಹಂಗು ಮಾತ್ರ ಇಲ್ಲ. ಹಾಗಾದರೆ ಮನೆಯಲ್ಲಿ ಒಬ್ಬರೇ ಕೂತವರಿಗೆ ಜೊತೆ ಯಾರು? ಕತ್ತಲ ಕೋಣೆಗಳಲ್ಲಿ ಅಲ್ಲಲ್ಲಿ ಹಿಂದೆ ಸತ್ತ ಸಾಹಸಿಗಳ ಮೂಳೆಗಳು ಸಿಗುತ್ತವೆ. ಅವನ್ನು ಊರಿನ ದೇವಾಲಯಕ್ಕೆ ತಂದು, ಹಣ ಕೊಟ್ಟು ಬದುಕಿಸಿದರೆ ಅವರು ಸಂಗಾತಿಗಳಾಗುತ್ತಾರೆ. ಬೇಡವಾದರೆ ಮಣ್ಣು ಮಾಡಬಹುದು. ಒಂದು ಡಂಜನ್ ಮುಗಿಸಿ ಊರಿಗೆ ಮರಳದೆ ಮುಂದಿನದಕ್ಕೆ ಹೊರಟರೆ ನಡುವೆ ಬಿಡಾರ ಹೂಡಿ, ಎಲ್ಲರೂ ಸೇರಿ ಅಡುಗೆ ಮಾಡಿ ಉಣ್ಣುವ ಆಟವೂ ಇದೆ. 1985ರಲ್ಲಿ ಕಿತ್ತಾಟಕ್ಕೆ ಕಾರಣವಾಗಿದ್ದ ಊಟ 2013ಕ್ಕೆ ಸಹಭೋಜನವಾಯಿತು. ಅಂಗಡಿಯ ಗದ್ದಲದಲ್ಲಿ ತಾನಾಗಿ ಹುಟ್ಟುತ್ತಿದ್ದುದನ್ನು ಈಗ ಆಟದೊಳಗೇ ಬರೆದು ಕೂಡಿಸಬೇಕಾಗಿ ಬಂದಿದೆ. ನನಗೆ ಇದು ಪ್ರಗತಿಯಾಗಿಯೂ ಕಾಣುತ್ತದೆ, ನಷ್ಟದ ಗುರುತಾಗಿಯೂ ಕಾಣುತ್ತದೆ.

ನೆನಪಿನ ಪ್ರತಿಗೆ ಅದರದೇ ದೋಷಗಳೂ ಇರುತ್ತವೆ. ಈ ಆಟದ ಮಾಂತ್ರಿಕಿ ಮತ್ತು ಅಮೆಜಾನ್ ಪಾತ್ರಗಳ ಮೈಕಟ್ಟನ್ನು ಚಿತ್ರಿಸಿದ ರೀತಿ 2013ರಲ್ಲಿ ದೊಡ್ಡ ವಿವಾದ ಎಬ್ಬಿಸಿತು. ಉತ್ಪ್ರೇಕ್ಷೆ ಎಲ್ಲ ಪಾತ್ರಗಳಲ್ಲೂ ಇದೆ, ಗಂಡಸರ ತೋಳೂ ಕಂಬದಷ್ಟಿದೆ ಎಂಬ ಸಮರ್ಥನೆಯುಂಟು. ಆದರೆ ಗಂಡಸಿನ ಉತ್ಪ್ರೇಕ್ಷೆ ಬಲದ್ದು, ಹೆಣ್ಣಿನದು ನೋಡುವವನ ಕಣ್ಣಿಗಾಗಿ ಮಾಡಿದ್ದು. ಹಳೆಯ ಫ್ಯಾಂಟಸಿ ಪುಸ್ತಕಗಳ ಮುಖಪುಟಗಳನ್ನು ಪ್ರೀತಿಯಿಂದ ನೆನೆದವರು ಅವುಗಳ ನೋಟವನ್ನೂ ಹಾಗೆಯೇ ನಕಲು ಮಾಡಿದರು. ಯಂತ್ರದ ಮುಂದೆ ನಿಲ್ಲಲು ಹುಡುಗಿಯರಿಗೆ ಎಷ್ಟು ಜಾಗವಿತ್ತು ಎಂಬ ಪ್ರಶ್ನೆಯನ್ನು ಇದು ಕೆದಕುತ್ತದೆ.

ಆ ಪ್ರಶ್ನೆಗೆ ಉತ್ತರ ಹಲಗೆಯಲ್ಲಿ ಸಿಗುವುದಿಲ್ಲ. ಗೂಢಲಿಪಿ ಬಿಡಿಸಿದರೆ ಆಟ ಉಳಿಯುತ್ತದೆ, ಅದರ ಮುಂದೆ ನಿಂತವರು ಆಡಿದ ಮಾತು ಉಳಿಯುವುದಿಲ್ಲ. ಯಾರು ಊಟ ಬಿಟ್ಟುಕೊಟ್ಟರು, ಯಾರ ಬಳಿ ನಾಣ್ಯ ಇರಲಿಲ್ಲ, ಯಾರನ್ನು ಒಳಗೇ ಬಿಡಲಿಲ್ಲ ಎಂಬುದು ಆಡಿದವರ, ಅಂಗಡಿ ನಡೆಸಿದವರ ನೆನಪಿನಲ್ಲಿ ಮಾತ್ರ ಇದೆ. ನಮ್ಮ ಊರುಗಳ ಪಾರ್ಲರ್‌ಗಳ ಮಾತಿಗೂ ಇದು ಅನ್ವಯಿಸುತ್ತದೆ. ‘ಮುಸ್ತಾಫಾ’ ಆಡಿದ ಪೀಳಿಗೆಗೆ ಈಗ ನಲವತ್ತರ ಆಸುಪಾಸು. ಹೋಗಿ ಕೇಳಲು ಇದೇ ಸರಿಯಾದ ಹೊತ್ತು.