ವರವೂ ಶಾಪವೂ ಆದ ಉಬ್ಬು

ಮೋಟಾರಿನ ಎಂಜಿನ್ನೂ ನಮ್ಮಂತೆ ಉಸಿರಾಡುತ್ತದೆ. ಉಸಿರನ್ನು ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಗೊತ್ತುಪಡಿಸುವುದು ಕ್ಯಾಮ್‌ಶಾಫ್ಟ್ ಎಂಬ ಉಬ್ಬುಗಳುಳ್ಳ ಲೋಹದ ದಂಡ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಕಾರಿನ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಅಷ್ಟು ಅಲ್ಪಕಾಲದಲ್ಲಿ ಉಸಿರು ತುಂಬಬೇಕಾದರೆ ಬಾಗಿಲು ಹೆಚ್ಚು ಹೊತ್ತು ತೆರೆದಿರಬೇಕು.

ಈ ಗುಟ್ಟನ್ನು ಬಲ್ಲ ಮೈಕ್ ಕಾಸ್ಟಿನ್, ಕೀತ್ ಡಕ್‌ವರ್ಥ್ ಎಂಬಿಬ್ಬರು 1958ರಲ್ಲಿ ಇಂಗ್ಲೆಂಡಿನಲ್ಲಿ ಕಂಪನಿಯೊಂದನ್ನು ಕಟ್ಟಿದರು. ಇಬ್ಬರ ಹೆಸರೂ ಕೂಡಿ 'ಕಾಸ್ವರ್ಥ್' ಆದದ್ದು ಕನ್ನಡ ಮಾಸ್ತರನಾದ ನನಗೆ ಸೊಗಸಾದ ಸಮಾಸದಂತೆ ಕಾಣುತ್ತದೆ. ಮನೆಮಂದಿಯನ್ನು ಹೊರಲೆಂದು ಹುಟ್ಟಿದ ಫೋರ್ಡ್ ಆಂಗ್ಲಿಯಾ ಕಾರಿನ 39 ಅಶ್ವಶಕ್ತಿಯ ಎಂಜಿನ್ನಿಗೆ, ಫಾರ್ಮುಲಾ ಜೂನಿಯರ್ ಪಂದ್ಯಗಳಿಗಾಗಿ, ಅವರು ಹೊಸ ಕ್ಯಾಮ್, ಹೊಸ ಕಾರ್ಬ್ಯುರೇಟರ್ ಕೂಡಿಸಿ ಶಕ್ತಿಯನ್ನು ಹೆಚ್ಚುಕಡಿಮೆ ಇಮ್ಮಡಿಸಿದರು.

ಆದರೆ ಈ ವರಕ್ಕೆ ಶಾಪವೊಂದು ಅಂಟಿಕೊಂಡಿದೆ. ಬಾಗಿಲು ಬಹಳ ಹೊತ್ತು ತೆರೆದಿದ್ದರೆ ಮಂದಗತಿಯಲ್ಲಿ ಒಳಬಂದ ಗಾಳಿಯೇ ಹಿಂದಕ್ಕೆ ಮರಳುತ್ತದೆ. ಎಂಜಿನ್ ಕೆಮ್ಮುತ್ತದೆ, ಏರಿನಲ್ಲಿ ಸೊರಗುತ್ತದೆ. ಹಿಂದೆ ಮದ್ರಾಸಿನ ಬಳಿ ಶೋಳಾವರಂ ವಿಮಾನಪಟ್ಟಿಯಲ್ಲಿ ಪಂದ್ಯ ಹೂಡಿದವರಿಗೆ ಅದೊಂದು ಕುಂದಲ್ಲ. ಉಪ್ಪಿನಬೆಟಗೇರಿಯಿಂದ ಧಾರವಾಡದವರೆಗೆ ಚಕ್ಕಡಿಯ ಹಿಂದೆ ತೆವಳಬೇಕಾದವನಿಗೆ ಅದೇ ನಿತ್ಯದ ಗೋಳು.

ಮೊನ್ನೆ ನಮ್ಮೂರ ಹುಡುಗನೊಬ್ಬ, ಕೂಡಿಟ್ಟ ಹಣವೆಲ್ಲ ಸುರಿದು, ತನ್ನ ಕಾರಿಗೆ ಎಲ್ಲಕ್ಕಿಂತ ಎತ್ತರದ ಉಬ್ಬಿನ ಕ್ಯಾಮ್ ತರಿಸಲು ಹೊರಟಿದ್ದ. "ತಮ್ಮಾ, ದಿನಾ ಎಷ್ಟು ಸುತ್ತಿನಾಗ ಓಡಸ್ತೀ, ಮದ್ಲ ಅದನ್ನ ನೋಡ್ಕೋ" ಎಂದೆ. ಸ್ಪ್ರಿಂಗು ತಾಳೀತೇ, ವಾಲ್ವು ಪಿಸ್ಟನ್ನಿಗೆ ತಾಗೀತೇ ಎಂಬುದು ಆಮೇಲಿನ ವಿಚಾರ. ಕಾಸ್ವರ್ಥ್‌ನ ಚರಿತ್ರೆ ಕಲಿಸುವುದೂ ಇದನ್ನೇ: ಅವರು ಮೊದಲು ಓಡುವ ಹಾದಿಯನ್ನು ನೋಡಿದರು, ಆಮೇಲೆ ಉಬ್ಬನ್ನು ರೂಪಿಸಿದರು.