ಅಜ್ಜಿಯ ಗದ್ದೆ

ಪಲ್ಲಾವರಂನಲ್ಲಿ ಯಾರಾದರೂ ಕೆಲಸದಿಂದ ನಿವೃತ್ತರಾದರೆ ಮೊದಲು ಬರುವ ಮಾತು, "ಚೆಂಗಲ್ಪಟ್ಟಿನ ಆಚೆ ಅರ್ಧ ಎಕರೆ ನೋಡಬೇಕು" ಎಂದು. ನಮ್ಮವರೂ ಎರಡು ವರ್ಷದಿಂದ ಮಧುರಾಂತಕಂ, ಉತ್ತಿರಮೇರೂರು ಎನ್ನುತ್ತಿದ್ದಾರೆ. ತಮಿಳುನಾಡಿನಲ್ಲಿ ಅದು ಸುಲಭವೂ ಹೌದು. ಇಲ್ಲಿನ 1961ರ ಕಾನೂನು ಒಂದು ಕುಟುಂಬ ಎಷ್ಟು ಭೂಮಿ ಇಟ್ಟುಕೊಳ್ಳಬಹುದು ಎಂದು ಹೇಳಿತು: ಮೊದಲು 30 ಸ್ಟ್ಯಾಂಡರ್ಡ್ ಎಕರೆ, 1970ರಲ್ಲಿ ಅದು 15ಕ್ಕೆ ಇಳಿಯಿತು. ಕೊಳ್ಳುವವರು ರೈತರೇ ಆಗಿರಬೇಕು ಎನ್ನಲಿಲ್ಲ. ಪಟ್ಟಾ, ಚಿಟ್ಟಾ, ವಿಲ್ಲಂಗ ಸರ್ಟಿಫಿಕೇಟು ಸರಿಯಿದ್ದರೆ ನನ್ನಂಥ ಬ್ಯಾಂಕ್ ಉದ್ಯೋಗಿಯೂ ಗದ್ದೆ ಕೊಳ್ಳಬಹುದು. (ಸೈಟು ಮಾತ್ರ ನೋಡಿ ಕೊಳ್ಳಿ. ಅನುಮೋದನೆಯಿಲ್ಲದ ಬಡಾವಣೆಗಳ ಸೈಟು ನೋಂದಣಿಗೆ 2016ರಲ್ಲಿ ಮದ್ರಾಸ್ ಹೈಕೋರ್ಟು ತಡೆ ಹಾಕಿದಾಗ ನಮ್ಮ ಬೀದಿಯಲ್ಲೇ ಎಷ್ಟು ಜನ ತಲೆಗೆ ಕೈ ಹೊತ್ತು ಕೂತಿದ್ದರು!) 1863ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇದೇ ಪಲ್ಲಾವರಂನಲ್ಲಿ ಶಿಲಾಯುಗದ ಕೈಗೊಡಲಿ ಹೆಕ್ಕಿದರು. ಆ ಕೊಡಲಿಯ ಒಡೆಯರಿಗೆ ಪಟ್ಟಾದ ಚಿಂತೆ ಇರಲಿಲ್ಲ, ಪುಣ್ಯವಂತರು.

ನನಗೆ ಬೇಕಿದ್ದುದು ಮಾತ್ರ ಕಾರ್ಕಳದ ಹತ್ತಿರದ ಮಣ್ಣು.

ಅಜ್ಜ ತೀರಿಕೊಂಡಾಗ ಅಜ್ಜಿಗೆ ಉಳಿದದ್ದು ಒಂದು ಮನೆ, ಎರಡು ಎಕರೆ ಗದ್ದೆ. ಉಳುವ ಗಂಡಸರಿರಲಿಲ್ಲ. ಗದ್ದೆಯನ್ನು ಚಾಲಗೇಣಿಗೆ ಕೊಟ್ಟಿದ್ದರು. ಒಕ್ಕಲಿನವರು ಗೇಣಿಯ ಅಕ್ಕಿಮುಡಿಗಳನ್ನು ಹೊತ್ತು ತಂದು ಚಾವಡಿಯಲ್ಲಿ ಇಳಿಸುವುದನ್ನು ನಾನೂ ನೋಡಿದ್ದೇನೆ. 1974ರ ಮಾರ್ಚ್ 1ರಂದು ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ ಜಾರಿಗೆ ಬಂತು. ಗೇಣಿಭೂಮಿ ಸರಕಾರಕ್ಕೆ ಸೇರಿತು. ಉಳುವವರು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟರೆ ಭೂನ್ಯಾಯಮಂಡಳಿ ವಿಚಾರಿಸಿ ಅವರಿಗೆ ಮಂಜೂರು ಮಾಡುತ್ತಿತ್ತು. ನಮ್ಮೂರಿನ ಮಾತಿನಲ್ಲಿ ಇದು 'ಡಿಕ್ಲರೇಶನ್ ಕೊಡುವುದು'. ಮುಂದಕ್ಕೆ ಭೂಮಿಯನ್ನು ಗೇಣಿಗೆ ಕೊಡುವ ಅವಕಾಶ ಸೈನಿಕರಿಗೆ, ನಾವಿಕರಿಗೆ ಉಳಿಯಿತು. ವಿಧವೆಯರಿಗೆ ಉಳಿಯಲಿಲ್ಲ.

ಅಜ್ಜಿ ಮಂಡಳಿಯ ಎದುರು ತಕರಾರು ಮಾಡಲಿಲ್ಲ. "ನೆಟ್ಟವರು ಅವರು, ಕೊಯ್ದವರು ಅವರು, ನಾನೇನು ಹೇಳಲಿ?" ಎಂದರಂತೆ. ಅಮ್ಮನಿಗೆ ಮಾತ್ರ ಆ ಸಿಟ್ಟು ಕೊನೆಯವರೆಗೂ ಇಳಿಯಲಿಲ್ಲ. ನಾನೂ ಬಹಳ ಕಾಲ ಅಮ್ಮನ ಪಕ್ಷವೇ. ಮಳೆಗಾಲವಿಡೀ ಕೆಸರಿನಲ್ಲಿ ಬಗ್ಗಿ ನಿಂತದ್ದು ಒಕ್ಕಲಿನವರ ಹೆಂಡತಿ ಎಂಬುದು ನನಗೆ ಹೊಳೆಯಲು ವರ್ಷಗಳೇ ಬೇಕಾದವು. ಮಂಡಳಿಯ ಆದೇಶದಲ್ಲಿ ಆಕೆಯ ಹೆಸರೂ ಇರಲಿಲ್ಲ, ಗಂಡನದು ಮಾತ್ರ.

1998ರಲ್ಲಿ ಅಲ್ಲೇ ಇಪ್ಪತ್ತು ಸೆಂಟ್ಸು ಕೇಳಲು ಹೋದೆ. ವಕೀಲರು ನಕ್ಕರು. ಅದೇ 1974ರ ತಿದ್ದುಪಡಿಯ 79ಎ ಕಲಮಿನಂತೆ ಬೇರೆ ಮೂಲದ ಆದಾಯ ಮಿತಿ ಮೀರಿದವರು ಕೃಷಿಭೂಮಿ ಕೊಳ್ಳುವಂತಿಲ್ಲ. ಆಗ ಆ ಮಿತಿ 2 ಲಕ್ಷ ರೂಪಾಯಿ, 2015ರಲ್ಲಿ 25 ಲಕ್ಷವಾಯಿತು. 79ಬಿಯಂತೆ ಸ್ವಂತ ಸಾಗುವಳಿ ಮಾಡದವರು ಕೃಷಿಭೂಮಿ ಹೊಂದುವಂತಿಲ್ಲ. "ನೀವು ಕೃಷಿಕರಲ್ಲ ಅಮ್ಮ" ಎಂದರು. ಭೂಮಿ ಹೋದದ್ದರಿಂದ ನಾವು ಕೃಷಿಕರಲ್ಲ, ಕೃಷಿಕರಲ್ಲದ್ದರಿಂದ ಭೂಮಿ ಇಲ್ಲ!

2020ರ ಜುಲೈಯಲ್ಲಿ ಬಂದ ಸುಗ್ರೀವಾಜ್ಞೆ ಆ ಕಲಮುಗಳನ್ನು ತೆಗೆದುಹಾಕಿತು. ರೈತ ಸಂಘಟನೆಗಳು ಸೆಪ್ಟೆಂಬರ್ 28ರಂದು ಕರ್ನಾಟಕ ಬಂದ್ ಮಾಡಿದವು. ಆದರೂ ಡಿಸೆಂಬರಿನಲ್ಲಿ ಮಸೂದೆ ಪಾಸಾಯಿತು, ಅದೂ 1974ರ ಮಾರ್ಚ್ 1ರಿಂದಲೇ ಆ ಕಲಮುಗಳು ಇರಲಿಲ್ಲವೆಂಬಂತೆ. ಬಾಗಿಲು ತೆರೆಯಿತೆಂದು ನನಗೆ ಖುಷಿಯಾದದ್ದು ನಿಜ. ದುಡ್ಡಿದ್ದವರು ನೂರಾರು ಎಕರೆ ಬಾಚಿಕೊಂಡರೆ ಎಂಬ ರೈತರ ಹೆದರಿಕೆ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ನನ್ನ ಇಪ್ಪತ್ತು ಸೆಂಟ್ಸೂ ಅದೇ ಬಾಗಿಲಿನಿಂದ ಬರಬೇಕು.

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಒಕ್ಕಲಿನವರ ಮೊಮ್ಮಗಳು ಬೆಲ್ಲ, ನೀರು ಕೊಟ್ಟು ಕೂರಿಸಿದಳು. ತಮ್ಮನಿಗೆ ಮಾರುವ ಮನಸ್ಸಿದೆಯಂತೆ, ಆದರೆ ಸೋದರತ್ತೆಯರಿಬ್ಬರ ಸಹಿಯೂ ಬೇಕು. ಕಳೆದ ವಾರ ಫೋನು ಮಾಡಿದ್ದಳು. ದೊಡ್ಡತ್ತೆ ಒಪ್ಪಿಲ್ಲ. ತಾನು ಅಮ್ಮನ ಜೊತೆ ನೇಜಿ ನೆಟ್ಟ ಗದ್ದೆ, ಕೊಡುವುದಿಲ್ಲ ಎಂದರಂತೆ. ಮನೆಯ ಹಿಂದಿನ ಗುಡ್ಡೆಯಲ್ಲಿ ಹತ್ತು ಸೆಂಟ್ಸು ಬೇಕಿದ್ದರೆ ನೋಡಲಿ ಎಂದಿದ್ದಾರೆ. ದೀಪಾವಳಿಗೆ ಹೋದಾಗ ನೋಡಿ ಬರಬೇಕು.