ಗಜನಿಯ ಕಗ್ಗ

ಕುಮಟೆಯ ಬಳಿ ಅಘನಾಶಿನಿಯು ಕಡಲನ್ನು ಕೂಡುವೆಡೆಯ ಗಜನಿಗಳೆಂಬ ಉಪ್ಪುನೀರ ಗದ್ದೆಗಳಲ್ಲಿ, ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದೊಡನೆ ಮೊಳಕೆಗಟ್ಟಿದ ಕಗ್ಗವೆಂಬ ಭತ್ತದ ಬೀಜವನ್ನೆರಚಿ, ಗೊಬ್ಬರವಿಕ್ಕದೆ ಬೆಳೆದು, ಮಳೆ ಕಳೆದ ಮೇಲೆ ತೆನೆಯನ್ನಷ್ಟೇ ಕೊಯ್ದು ದಂಟನ್ನು ಗದ್ದೆಯಲ್ಲೇ ಬಿಟ್ಟುಬಿಡುವ ಪದ್ಧತಿಯನ್ನು ಕಂಡ ಹೊರಗಿನವರು ಅದನ್ನು ಆಲಸ್ಯವೆಂದೆಣಿಸಿದರೆ ಆಶ್ಚರ್ಯವಿಲ್ಲ. ಆದರೆ ತೂಬಿನ ಹಲಗೆಯನ್ನೆತ್ತಿ ಭರತದ ನೀರನ್ನು ಒಳಕ್ಕೆ ಬಿಟ್ಟ ಬಳಿಕ ಆ ದಂಟು ಕೊಳೆಯಲು, ಕೊಳೆತುದನ್ನು ಕಣ್ಣಿಗೆ ಕಾಣದ ಅಣುಜೀವಿಗಳು ಮುತ್ತಲು, ಅವನ್ನು ಸಾಸಿವೆಗಿಂತಲೂ ಕಿರಿದಾಗಿ, ಬೊಗಸೆನೀರಿನಲ್ಲಿ ಧೂಳಿನಂತೆ ಮಿಡಿಯುವ ಕೋಪೆಪಾಡ್ ಮೊದಲಾದ ಪ್ಲವಕಪ್ರಾಣಿಗಳು ಮೇಯಲು, ಇವುಗಳನ್ನು ಕಡಲಿನಿಂದ ತೇಲಿಬಂದ ಸಿಗಡಿಮರಿಗಳೂ ಮೀನುಮರಿಗಳೂ ನುಂಗಿ ಬೆಳೆಯುತ್ತಿದ್ದುವು. ಬೆಳೆದುವನ್ನು ಇಳಿತದ ಹೊತ್ತಿಗೆ ತೂಬಿನ ಬಾಯಿಗೆ ಬಲೆಯೊಡ್ಡಿ ಹಿಡಿಯುತ್ತಿದ್ದರು. ಒಂದೇ ನೆಲದಲ್ಲಿ ಅನ್ನವೂ ಸಾರಿನ ಮೀನೂ! ಇಂಥ ಪ್ಲವಕಗಳನ್ನು ಹೆಸರಿಸುವ ‘ಪ್ಲಾಂಕ್ಟನ್’ ಎಂಬ ಶಬ್ದವನ್ನು ಜರ್ಮನಿಯ ವಿಕ್ಟರ್ ಹೆನ್ಸನ್ ಟಂಕಿಸಿದುದು 1887ರಲ್ಲಿ. ಗಜನಿಯ ರೈತನಿಗೆ ಆ ಶಬ್ದದ ಹಂಗೇನೂ ಇರಲಿಲ್ಲ.

ಮುಂದೆ ವರ್ಷವಿಡೀ ಸಿಗಡಿಯನ್ನೇ ಸಾಕುವ ಲಾಭದಾಸೆ ಬಂದಿತು, ಉಪ್ಪುನೀರು ಹೊರಹೋಗುವುದು ನಿಂತಿತು, ಅನೇಕ ಗಜನಿಗಳಲ್ಲಿ ಬಿತ್ತನೆಯೂ ತಪ್ಪಿತು. ದಂಟನ್ನು ಕಳೆದು ಮೀನನ್ನು ಮಾತ್ರ ಬಯಸಿದುದು ಅವಿವೇಕವೆಂದೇ ನನ್ನೆಣಿಕೆ. ಆದರೂ ಅಲ್ಲಿನ ಮಾಣಿಕಟ್ಟಾ ಎಂಬ ಊರಿನ ಕೆಲವು ರೈತರು ಕಗ್ಗವನ್ನು ಈಗಲೂ ಬಿತ್ತುತ್ತಾರೆ.